ನಿವೃತ್ತಿ ಒಲ್ಲದ ಕಮಾಂಡುಗಳು

ಸಾಫ್ಟ್‌ವೇರ್ ಲೋಕದಲ್ಲಿ ಕಮಾಂಡೊಂದಕ್ಕೆ ಕೆಲಸ ಸಿಗುವುದು ಸುಲಭ, ಕೆಲಸದಿಂದ ಬಿಡಿಸುವುದೇ ಕಷ್ಟ. ನಂಬದವರು ಇಗ್ರೆಪ್‌ನ ಸೇವಾ ಪುಸ್ತಕ ತೆರೆದು ನೋಡಬಹುದು.

ಕಡತಗಳಲ್ಲಿ ಪದ ಹುಡುಕುವ ಗ್ರೆಪ್, ಇಗ್ರೆಪ್ ಮಾಡುತ್ತಿದ್ದುದನ್ನೆಲ್ಲ ತಾನೇ ಮಾಡಲು ಕಲಿತು ಎಷ್ಟೋ ಕಾಲವಾಯಿತು. 'ಇದನ್ನಿನ್ನು ಬಳಸಬೇಡಿ' ಎಂದು ಗ್ನೂ ಗ್ರೆಪ್ ಸಾರಿದ್ದು 2007ರಲ್ಲಿ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅದೇ ಮಾತು ಎಚ್ಚರಿಕೆಯಾಗಿ ಪರದೆಯ ಮೇಲೆ ಬಂದದ್ದು 2022ರ 3.8 ಆವೃತ್ತಿಯಲ್ಲಿ. ಬರೀ ಕೆಮ್ಮುವುದಕ್ಕೆ ಹದಿನೈದು ವರ್ಷ! ಆಗಲೂ ತೆಗೆಯಲಿಲ್ಲವೆನ್ನಿ. ಅಷ್ಟರಲ್ಲಿ ಇಗ್ರೆಪ್ ಎಂದರೆ ಗ್ರೆಪ್ಪನ್ನು ಕರೆಯುವ ಪುಟ್ಟ ಶೆಲ್ ಸ್ಕ್ರಿಪ್ಟ್, ಅಷ್ಟೇ. 'ನಾನು ಹಳಬ' ಎಂದು ಅದರ ಬಾಯಲ್ಲೇ ಹೇಳಿಸಲು ಅದಕ್ಕೇ ಇನ್ನಷ್ಟು ಸಾಲು ಸೇರಿಸಿದರು. ಹೋಗಬೇಕಾದವನು ಹೋಗುವ ಬದಲು ದಪ್ಪಗಾದ.

ಕೋಡಿನ ಬದಲಾವಣೆಗಳ ಲೆಕ್ಕವಿಡುವ ಗಿಟ್‌ನ ಮಂದಿ ಇನ್ನೂ ಘಾಟಿಗಳು. ಅವರ 'ವಾಟ್‌ಚೇಂಜ್ಡ್' ಮಾಡುವುದನ್ನೆಲ್ಲ 'ಲಾಗ್' ಮಾಡುತ್ತದೆ. ಮತ್ತೆ ಅದೇಕೆ ಇದೆ? ಹಳಬರ ಬೆರಳಿಗೆ ಅದೇ ರೂಢಿ ಎಂದು ಗಿಟ್‌ನ ಕೈಪಿಡಿಯೇ ಹೇಳುತ್ತಿತ್ತು. 2025ರ 2.51 ಆವೃತ್ತಿಯಿಂದ ಬೆರಳಿಗೂ ಬಿಸಿ ಮುಟ್ಟಿದೆ. ಈಗ ಅದು ಸುಮ್ಮನೆ ಕರೆದರೆ ಬಾರದು. 'ಐ-ಸ್ಟಿಲ್-ಯೂಸ್-ದಿಸ್' ಎಂಬ ತಪ್ಪೊಪ್ಪಿಗೆಯನ್ನು ಇಡಿಯಾಗಿ ಟೈಪ್ ಮಾಡಬೇಕು. ಇನ್ನೂ ಬಳಸುತ್ತಿದ್ದರೆ ಇಮೇಲ್ ಬರೆದು ತಿಳಿಸಿ ಎಂಬ ಕೋರಿಕೆ ಬೇರೆ. ನವೆಂಬರ್ ಬಂತೆಂದರೆ ಪಿಂಚಣಿದಾರರು ಬ್ಯಾಂಕಿಗೆ ಹೋಗಿ ಬದುಕಿದ್ದೇವೆಂದು ರುಜು ಹಾಕುತ್ತಾರಲ್ಲ, ಹಾಗೆ. ಇಲ್ಲಿ ಮಾತ್ರ ಮುದುಕ ಮನೆಯಲ್ಲಿ ಆರಾಮ, ಸಾಲಿನಲ್ಲಿ ನಿಲ್ಲುವವನು ಮೊಮ್ಮಗ.

'ಪ್ಯಾಕ್-ರಿಡಂಡೆಂಟ್' ಕಮಾಂಡಿಗೂ ಇದೇ ಗತಿ. ಭಂಡಾರದಲ್ಲಿ ಅನಗತ್ಯವಾಗಿ ಬಿದ್ದಿರುವ ಪ್ಯಾಕ್ ಕಡತಗಳನ್ನು ಪತ್ತೆ ಹಚ್ಚುವುದು ಅದರ ಉದ್ಯೋಗ. ಇಷ್ಟು ವರ್ಷ ಎಲ್ಲರ ಪಟ್ಟಿ ಮಾಡಿತು, ತನ್ನ ಹೆಸರೊಂದನ್ನು ಬಿಟ್ಟು.

ಈ ತಪ್ಪೊಪ್ಪಿಗೆಯ ಕಾಟಕ್ಕೂ ನಮ್ಮವರ ಬಳಿ ಮದ್ದಿದೆ: ಆ ಉದ್ದನೆಯ ಸಾಲನ್ನೇ ಸ್ಕ್ರಿಪ್ಟಿನೊಳಗೆ ಅಂಟಿಸಿ, ಬಿಲ್ಡ್ ಹಸಿರಾದದ್ದನ್ನು ನೋಡಿ, ಊಟಕ್ಕೆ ಹೋಗುವುದು. ಇಮೇಲ್ ಬರೆಯಲು ಪುರುಸೊತ್ತು ಯಾರಿಗಿದೆ? ಕಮಾಂಡನ್ನೇ ತೆಗೆದ ದಿನ ಮಾತ್ರ, ಒಂದು ಮಾತಾದರೂ ಹೇಳಬಾರದಿತ್ತೇ ಎಂದು ಬಯ್ಯಲು ಎಲ್ಲರಿಗೂ ಪುರುಸೊತ್ತು.

ವಾಟ್‌ಚೇಂಜ್ಡ್, ಪ್ಯಾಕ್-ರಿಡಂಡೆಂಟ್ ಎರಡೂ ಗಿಟ್ 3.0ರಲ್ಲಿ ಹೋಗಲಿವೆ ಎಂದು ಈಗಾಗಲೇ ಬರೆದಿಟ್ಟಿದ್ದಾರೆ. ನಿಮ್ಮ ಆಫೀಸಿನ ಸ್ಕ್ರಿಪ್ಟುಗಳನ್ನು ಇವತ್ತೇ ಒಮ್ಮೆ ತೆರೆದು ನೋಡಿ. ಬರೆದವನನ್ನು ಕೇಳೋಣವೆಂದು ಕಾಯಬೇಡಿ. ಅವನು ಎಂದೋ ರಾಜೀನಾಮೆ ಕೊಟ್ಟು ಹೋಗಿರುತ್ತಾನೆ.