ಜೋಪಾನವಾಗಿ ಮಡಗಿದ್ದು

ನಮ್ಮ ಹನಗೋಡಿನ ಕಡೆ ಯಾರೂ ಏನನ್ನೂ ‘ಇಡುವುದಿಲ್ಲ’, ‘ಮಡಗುತ್ತಾರೆ’. ಮೈಸೂರಿನಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಹೇಳಿ, ನಿವೃತ್ತನಾಗಿ ಊರಿಗೆ ಮರಳಿದ ಮೇಲೆಯೇ ಈ ಎರಡು ಕ್ರಿಯಾಪದಗಳ ವ್ಯತ್ಯಾಸ ನನಗೆ ಹೊಳೆದದ್ದು. ಇಟ್ಟದ್ದು ಇಟ್ಟಲ್ಲೇ ಇರುತ್ತದೆ. ಮಡಗಿದ್ದೂ ಇರುತ್ತದೆ, ಎಲ್ಲಿ ಅಂತ ಮಾತ್ರ ಕೇಳಬಾರದು. ಇನ್ನು ಯಾರಾದರೂ ‘ಜೋಪಾನವಾಗಿ ಮಡಗಿವ್ನಿ’ ಅಂದರೋ, ಆ ವಸ್ತುವಿನ ಆಸೆ ಬಿಟ್ಟು ಬೇರೆ ಕೆಲಸ ನೋಡಿಕೊಳ್ಳುವುದೇ ಲೇಸು.

ಹೋದ ಶ್ರಾವಣದಲ್ಲಿ ಖಾತೆ ಬದಲಾವಣೆಗೆಂದು ಅಜ್ಜನ ಕಾಲದ ಪಾಲುಪತ್ರ ಬೇಕಾಯಿತು. ಅವ್ವನನ್ನು ಕೇಳಿದೆ.

“ಜೋಪಾನವಾಗಿ ಮಡಗಿವ್ನಿ ಕನ ಮಗ.”

“ಎಲ್ಲವ್ವಾ?”

“ಅದೇ ಮರ್ತೋಗದೆ. ಸಿಕ್ತದೆ ಬುಡು.”

ಎದೆ ಧಸಕ್ಕೆಂದಿತು. ಏಣಿ ಹಾಕಿ ಅಟ್ಟ ಹತ್ತಿದೆ. ಒಂದು ಸೇರು, ಎರಡು ಪಾವು, ಒಳಗಿನ ರೇಡಿಯೋ ಎಂದೋ ಹೋಗಿ ಹೊರಗಿನ ಪೆಟ್ಟಿಗೆ ಮಾತ್ರ ಉಳಿದದ್ದು, ಎತ್ತುಗಳನ್ನು ಮಾರಿ ಹದಿನೈದು ವರ್ಷವಾದರೂ ಹೊಳಪು ಕಳೆದುಕೊಳ್ಳದ ಕೊರಳ ಗೆಜ್ಜೆ ಎಲ್ಲ ಸಿಕ್ಕಿದವು. ಗೆದ್ದಲು ತಿಂದಿತೆಂದು ಮದುವೆಯಾದ ಹೊಸದರಲ್ಲಿ ಹೆಂಡತಿಗೆ ನಾನು ಹೇಳಿದ್ದ ನನ್ನ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯೂ ಸಿಕ್ಕಿತು, ಗೆದ್ದಲಿನ ಒಂದು ಹಲ್ಲೂ ತಾಗದೆ. ಏಣಿ ಹಿಡಿದು ಕೆಳಗೆ ನಿಂತಿದ್ದವಳು ಅದನ್ನು ಇಸಕೊಂಡು ಗಣಿತದ ಸಾಲನ್ನು ನಿಧಾನವಾಗಿ ಓದಿದಳು. ಪಾಲುಪತ್ರವೊಂದು ಸಿಗಲಿಲ್ಲ.

ಮಾತು ಮರೆಸಲು ನಾನು ವಿಜ್ಞಾನಕ್ಕೆ ಹಾರಿದೆ. ಲುಡ್ವಿಗ್ ಬೋಲ್ಟ್ಸ್‌ಮನ್ ಅಂತ ಒಬ್ಬ ಮಹಾನುಭಾವನಿದ್ದ. ವಿಯೆನ್ನಾದಲ್ಲಿ ಅವನ ಸಮಾಧಿಯ ಮೇಲೆ ಎಂಟ್ರೊಪಿಯ ಸೂತ್ರವನ್ನೇ ಕೆತ್ತಿದ್ದಾರೆ. ಅವನ ಲೆಕ್ಕವನ್ನು ನಮ್ಮ ಮನೆಗೆ ತಂದರೆ ಹೀಗೆ: ನನ್ನ ಕನ್ನಡಕ ಸರಿಯಾದ ಜಾಗದಲ್ಲಿರಲು ಇರುವ ದಾರಿ ಒಂದೇ, ಅದರ ಡಬ್ಬಿ. ತಪ್ಪು ಜಾಗದಲ್ಲಿರಲು ನೂರಾರು ದಾರಿ: ದಿಂಬಿನಡಿ, ದೇವರ ಗೂಡು, ಬಚ್ಚಲ ಕಿಟಕಿ, ಅರ್ಧ ಓದಿದ ಪುಸ್ತಕ, ನನ್ನ ನೆತ್ತಿ. ಹಾಗಾಗಿ ಅದು ಡಬ್ಬಿಯಲ್ಲಿ ಸಿಕ್ಕರೆ ಆಶ್ಚರ್ಯಪಡಬೇಕೇ ಹೊರತು ಸಿಗದಿದ್ದರೆ ರೇಗಬಾರದು. ಎಲ್ಲವನ್ನೂ ಕೇಳಿಸಿಕೊಂಡು ಅವಳು, “ಗಣಿತದಲ್ಲಿ ಮೂವತ್ತಾರು ತಗೊಂಡೋರು ಲೆಕ್ಕ ಹೇಳ್ತಾರೆ” ಎಂದು ಒಳಗೆ ಹೋದಳು.

ಮರುದಿನ ಹುಣಸೂರಿಗೆ ಹೋಗಿ ಆರು ಪ್ಲಾಸ್ಟಿಕ್ ಡಬ್ಬ ತಂದಳು. ಒಂದೊಂದಕ್ಕೂ ಚೀಟಿ ಅಂಟಿಸಿದಳು: ಜಮೀನು, ಕರೆಂಟು ಬಿಲ್ಲು, ಆಸ್ಪತ್ರೆ, ಬ್ಯಾಂಕು, ಮದುವೆ ಕಾರ್ಡು, ಇತರೆ. ನಾಲ್ಕು ವಾರ ಕಳೆಯುವಷ್ಟರಲ್ಲಿ ಐದು ಡಬ್ಬ ಖಾಲಿ ಬಿದ್ದು ಆರನೆಯದರ ಮುಚ್ಚಳ ಹಾಕಲಾಗುತ್ತಿರಲಿಲ್ಲ. ನಾನೇನೂ ಅನ್ನಲಿಲ್ಲ. ಸಭೆಯ ಅಜೆಂಡಾದ ಕಡೆಯ ಸಾಲು ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು’ ಅಂತಲ್ಲವೆ? ನಿಜವಾದ ಜಗಳ ಶುರುವಾಗುವುದೇ ಅಲ್ಲಿ.

ಮಡಗಿ ಮರೆಯುವುದರಲ್ಲಿ ನಾವು ಒಂಟಿಯಲ್ಲ ಎಂಬುದೇ ಸಮಾಧಾನ. ಕೌಟಿಲ್ಯನನ್ನೇ ನೋಡಿ. ತೆರಿಗೆ, ತೂಕ, ಅಳತೆ, ಗೂಢಚಾರರು, ಕಾಡಿನ ಆನೆಗಳವರೆಗೆ ರಾಜ್ಯದಲ್ಲಿ ಯಾವುದು ಎಲ್ಲಿರಬೇಕು, ಹೇಗಿರಬೇಕು ಎಂದು ಅಚ್ಚುಕಟ್ಟಾಗಿ ಬರೆದಿಟ್ಟವನು. ಆ ‘ಅರ್ಥಶಾಸ್ತ್ರ’ವೇ ಶತಮಾನಗಳ ಕಾಲ ಎಲ್ಲಿದೆಯೆಂದು ವಿದ್ವಾಂಸರಿಗೆ ಗೊತ್ತಿರಲಿಲ್ಲ. ದಂಡಿ, ಬಾಣ ಹೆಸರು ಹೇಳಿದ್ದರು, ಅಷ್ಟೆ. 1905ರಲ್ಲಿ ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ ಗ್ರಂಥಲಿಪಿಯ ಓಲೆಗರಿ ಆರ್. ಶಾಮಾಶಾಸ್ತ್ರಿಗಳ ಕೈಗೆ ಸಿಕ್ಕಿತು, 1909ರಲ್ಲಿ ಅಚ್ಚಾಯಿತು. ಅಲ್ಲಿಯ ತನಕ ಯಾರ ಮನೆಯ ಅವ್ವ ಅದನ್ನು ಜೋಪಾನವಾಗಿ ಮಡಗಿದ್ದಳೋ.

ನಮ್ಮ ಸಾಹಿತ್ಯವೂ ಹೀಗೆ ಯಾರೋ ಹರವಿದ್ದನ್ನು ಇನ್ಯಾರೋ ಜೋಡಿಸಿದ್ದೇ. 12ನೇ ಶತಮಾನದ ಶರಣರು ಅವರವರ ಪಾಡಿಗೆ ವಚನ ಹೇಳಿ ಹೋದರು. 15ನೇ ಶತಮಾನದಲ್ಲಿ ಶಿವಗಣಪ್ರಸಾದಿ ಮಹದೇವಯ್ಯ ಆ ಬಿಡಿ ವಚನಗಳನ್ನು ಹೆಕ್ಕಿ, ಅಲ್ಲಮ ಪ್ರಭುವಿನ ಎದುರು ಒಬ್ಬೊಬ್ಬರೇ ಬಂದು ವಾದಿಸಿದ ಹಾಗೆ ಕೂರಿಸಿ ‘ಶೂನ್ಯಸಂಪಾದನೆ’ ಮಾಡಿದ. ನಾನು ತರಗತಿಯಲ್ಲಿ ಆ ಸಂವಾದವನ್ನು ಪಕ್ಕದಲ್ಲೇ ಕೂತು ಕೇಳಿಸಿಕೊಂಡವನಂತೆ ಅಭಿನಯಿಸುತ್ತಿದ್ದೆ. ಜೋಡಿಸಿದವನ ಹೆಸರನ್ನು ಒಂದು ಅಂಕದ ಪ್ರಶ್ನೆಗೆ ಮಾತ್ರ ಬಿಟ್ಟಿದ್ದೆ.

ಪತ್ರದ ಚಿಂತೆಯಲ್ಲಿ ನಿದ್ದೆ ಬಾರದೆ ಒಂದು ರಾತ್ರಿ ಚಿಕ್ಕಪ್ಪನ ಮಗನ ಬ್ಯಾರನ್ ಕಡೆ ನಡೆದೆ. ಬ್ಯಾರನ್‌ಗಳಲ್ಲಿ ಹೊಗೆಸೊಪ್ಪು ಹದ ಮಾಡುವ ಕಾಲ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ರೈತರಿಗೆ ಆ ದಿನಗಳಲ್ಲಿ ನಿದ್ದೆಯಿಲ್ಲ. ಕಡ್ಡಿಗೆ ಕಟ್ಟಿ ನೇತು ಹಾಕಿದ ಹಸಿ ಸೊಪ್ಪು ಮೊದಲು 35 ಡಿಗ್ರಿ ಆಸುಪಾಸಿನಲ್ಲಿ ನಿಧಾನವಾಗಿ ಹಳದಿಗೆ ತಿರುಗಬೇಕು. ಆಮೇಲೆ ಹಂತಹಂತವಾಗಿ ಕಾವೇರಿಸಿ, ಎಲೆಯ ನರ ಒಣಗುವ ಹೊತ್ತಿಗೆ 70ರ ಹತ್ತಿರ ತರಬೇಕು. ಐದಾರು ದಿನದ ಕೆಲಸ. ಚಿಕ್ಕಪ್ಪನ ಮಗನ ಜೇಬಲ್ಲಿ ಬೀಡಿ, ಬಸ್ ಟಿಕೇಟು, ಮೊಬೈಲು, ತೊಗರಿಕಾಳು ಎಲ್ಲ ಒಟ್ಟಿಗೆ ವಾಸ. ಅಂಗಿಯ ಗುಂಡಿಗಳು ಸರಿಯಾದ ಕಾಜ ಸೇರಿದ್ದನ್ನು ನಾನು ನೋಡಿಲ್ಲ. ಥರ್ಮಾಮೀಟರಿನ ಮುಂದೆ ಮಾತ್ರ ಅವನು ತಪಸ್ವಿ. ಕಿಂಡಿಯಲ್ಲಿ ಬ್ಯಾಟರಿ ಬಿಟ್ಟು ನೋಡುವುದು, ಒಂದು ಕೊಳ್ಳಿ ಹಿಂದಕ್ಕೆಳೆಯುವುದು, ಮತ್ತೆ ನೋಡುವುದು.

ನಾನು ಅವನಿಗೆ ಎಡ್ವರ್ಡ್ ಲೊರೆಂಜ್‌ನ ಕತೆ ಹೇಳಿದೆ. 1961ರಲ್ಲಿ ಅಮೇರಿಕಾದ ಈ ಹವಾಮಾನ ವಿಜ್ಞಾನಿ ಕಂಪ್ಯೂಟರಿಗೆ 0.506127 ಎನ್ನುವ ಬದಲು ‘ಇಷ್ಟು ಸಾಕು’ ಅಂತ 0.506 ಎಂದು ಕೊಟ್ಟು ಕಾಫಿಗೆ ಹೋದನಂತೆ. ಬಂದು ನೋಡಿದರೆ ಕಂಪ್ಯೂಟರಿನೊಳಗಿನ ಮಳೆಗಾಳಿಯೆಲ್ಲ ಅದಲುಬದಲು. ಬ್ರೆಜಿಲ್‌ನಲ್ಲಿ ಚಿಟ್ಟೆ ರೆಕ್ಕೆ ಬಡಿದರೆ ಟೆಕ್ಸಾಸಿನಲ್ಲಿ ಸುಂಟರಗಾಳಿ ಎದ್ದೀತೆ ಎಂದು ಅವನ 1972ರ ಭಾಷಣಕ್ಕೆ ಹೆಸರು ಬಂದದ್ದು ಅದರಿಂದಲೇ.

“ಅಣ್ಣ, ಅದ ತಿಳ್ಕಳಕ್ಕೆ ಅಮೇರಿಕಾಗಂಟ ಯಾಕೋಗ್ಬೇಕು? ನಮ್ ಬ್ಯಾರನ್ ಮುಂದೆ ಒಂದ್ ರಾತ್ರಿ ಕೂತಿದ್ರೆ ಆಗಿತ್ತು” ಅಂದ.

ಅಷ್ಟರಲ್ಲಿ ಅತ್ತ ಹೊಲದ ಕಡೆಯಿಂದ ಕೂಗು. ನಾಗರಹೊಳೆಯ ಕಡೆಯಿಂದ ಆನೆ ಬಂದಿತ್ತು. ಬರುವುದು ತಡವಾದೀತೆಂದು ಅವನು ನಾಲ್ಕು ಸೌದೆ ಹೆಚ್ಚಿಗೆ ತುರುಕಿ ಪಟಾಕಿ ಹಿಡಿದು ಓಡಿದ. ‘ಕಾವು ನೋಡ್ತಿರಣ್ಣ’ ಅಂದಿದ್ದ. ನಾನು ನೋಡಲೆಂದು ಕಿಂಡಿಗೆ ಹೋದೆ. ಕನ್ನಡಕ ಡಬ್ಬಿಯಲ್ಲಿತ್ತು, ಡಬ್ಬಿ ಮನೆಯಲ್ಲಿತ್ತು. ಅವನು ಬರುವಷ್ಟರಲ್ಲಿ ಕಾವು ನೆಗೆದು, ಹಳದಿಯಾಗಬೇಕಿದ್ದ ಸೊಪ್ಪು ಹಸಿರಾಗಿಯೇ ಒಣಗಲು ಕೂತಿತ್ತು. ಹಸಿರು ಸೊಪ್ಪಿಗೆ ಯಾರು ಬೆಲೆ ಕಟ್ಟುತ್ತಾರೆ? ನಾಗರಹೊಳೆಯಲ್ಲಿ ಆನೆ ಕಿವಿ ಬೀಸಿದರೆ ಕಟ್ಟೆಮಳಲವಾಡಿಯ ಹರಾಜಿನಲ್ಲಿ ಬೇಲಿನ ಗ್ರೇಡು ಇಳಿಯುತ್ತದೆ, ಮಗಳ ಓಲೆ ಮುಂದಿನ ವರ್ಷಕ್ಕೆ ಹೋಗುತ್ತದೆ. ಅವನು ನನಗೆ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಪಾಲುಪತ್ರ ಗೌರಿಹಬ್ಬ ಕಳೆದ ಎಂಟು ದಿನಕ್ಕೆ ಸಿಕ್ಕಿತು. ಮಿಲ್ಲಿಗೆ ಕಳಿಸಲು ಅವ್ವ ಡ್ರಮ್ಮಿನಿಂದ ರಾಗಿ ಅಳೆಯುತ್ತಿದ್ದಳು. ಸೇರು ತಳ ಕೆರೆದ ಸದ್ದಾಯಿತು. ಹಿಂದೆಯೇ, “ಬಾ ಇಲ್ಲಿ ಮಗ” ಎಂದು ಕರೆದಳು. ಗೊಬ್ಬರದ ಚೀಲದ ಚೂರಿನಲ್ಲಿ ಸುತ್ತಿ, ಒಣ ಬೇವಿನಸೊಪ್ಪು ಒಳಗಿಟ್ಟು ಕಟ್ಟಿದ್ದ ಗಂಟು. ಪತ್ರದ ಒಂದು ಮೂಲೆಯೂ ಮುಕ್ಕಾಗಿರಲಿಲ್ಲ.

“ರಾಗಿ ಒಳಗೆ ಯಾರಾದ್ರೂ ಪತ್ರ ಮಡಗ್ತಾರೇನವ್ವ?”

“ಪತ್ರ ಬೇಕಾಗದು ಯಾವಾಗ್ಲಾ? ಮನೇಲಿ ರಾಗಿ ಮುಗುದ್ ವರ್ಷ ತಾನೆ, ಅಡ ಮಡಗಕ್ಕೆ? ರಾಗಿ ಇರೋಗಂಟ ಅದ್ರ ಗೊಡವೆ ನಿಮ್ಗ್ಯಾಕೆ? ತಳ ಕೆರೀವಾಗ ತಾನಾಗೇ ಕೈಗೆ ಸಿಕ್ತದೆ.”

ಮಡಗಿದವಳು ಮರೆತರೂ ಕೆಲಸ ಮಾಡುವ ಆ ಏರ್ಪಾಡಿನ ಮುಂದೆ ಹೆಂಡತಿ ತನ್ನ ಆರು ಡಬ್ಬಗಳನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದಳು.

ಖಾತೆ ಕೆಲಸ ಮುಗಿಸಿ ತಂದಾಗ ಅವ್ವ ಕೈ ಚಾಚಿದಳು. “ಕೊಡು ಇಲ್ಲಿ, ಜೋಪಾನವಾಗಿ ಮಡಗ್ತೀನಿ.” ಪತ್ರ ಹಿಡಿದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನೂ ಹೆಂಡತಿಯೂ ಹೊರಗೆ ನಿಂತು ಡ್ರಮ್ಮಿನ ಮುಚ್ಚಳದ ಸದ್ದಿಗೆ ಕಿವಿಗೊಟ್ಟೆವು. ಕೇಳಿಸಲಿಲ್ಲ.