ಆಟೋ ಮೀಟರಿಗೊಂದು ಬಹಿರಂಗ ಪತ್ರ

ಶ್ರೀಮನ್ ಮೀಟರ್ ಮಹಾಶಯರ ಸನ್ನಿಧಾನಕ್ಕೆ,

ಬೆಂಗಳೂರಿನ ಸಾಮಾನ್ಯ ಪ್ರಯಾಣಿಕನೊಬ್ಬನ ಸಾಷ್ಟಾಂಗ ನಮಸ್ಕಾರಗಳು. ಕಾನೂನು ಮಾಪನ ಇಲಾಖೆಯ ಮುದ್ರೆ ಒತ್ತಿಸಿಕೊಂಡು ತಾವು ಆಟೋದ ಮುಂಭಾಗದಲ್ಲಿ ಮೌನವಾಗಿ ವಿರಾಜಮಾನರಾಗಿರುವುದನ್ನು ಕಣ್ತುಂಬ ನೋಡುತ್ತ ಬಂದಿದ್ದೇನೆ. ತಮ್ಮ ಹೊಟ್ಟೆಯೊಳಗೆ ಒಂದು ಸರಳರೇಖೆ ಇದೆ. ಈ ಊರಲ್ಲಿ ಅದನ್ನು ಹೊಗಳುವವರು ಯಾರೂ ಇಲ್ಲವಲ್ಲ ಎಂಬ ಸಂಕಟದಿಂದ ಈ ಪತ್ರ.

2025ರ ಆಗಸ್ಟ್ 1ರಿಂದ ತಮ್ಮ ದರ ಹೀಗಿದೆ: ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಪ್ರತಿ ಕಿ.ಮೀ.ಗೆ 18. ಪಿಯುಸಿ ಗಣಿತವನ್ನು ನೆನೆದು ಎರಡು ಬಿಂದು ಹಿಡಿಯೋಣ. 5 ಕಿ.ಮೀ.ಗೆ 90, 10 ಕಿ.ಮೀ.ಗೆ 180. ದುಡ್ಡಿನ ವ್ಯತ್ಯಾಸ 90, ದೂರದ ವ್ಯತ್ಯಾಸ 5. ಭಾಗಿಸಿದರೆ ಇಳಿಜಾರು 18. ಇನ್ನು ರೇಖೆಯು ವೈ ಅಕ್ಷವನ್ನು ಕಡಿಯುವ ಜಾಗ, ಮೇಷ್ಟರು 'ಸಿ' ಎನ್ನುತ್ತಿದ್ದರಲ್ಲ, ಅದು: 90ರಲ್ಲಿ 18 ಗುಣಿಸು 5 ಕಳೆದರೆ ಸೊನ್ನೆ! ಅಂದರೆ ದೂರ ಎಕ್ಸ್, ದುಡ್ಡು ವೈ ಎಂದಿಟ್ಟುಕೊಂಡರೆ ವೈ = 18 ಎಕ್ಸ್. ಮೊದಲ ಎರಡು ಕಿಲೋಮೀಟರಿನ ಚಪ್ಪಟೆ ತುಂಡನ್ನು ಬಿಟ್ಟರೆ, ತಮ್ಮ ರೇಖೆ ಹಿಂದಕ್ಕೆ ಎಳೆದಾಗ ನೆಟ್ಟಗೆ ಮೂಲಬಿಂದುವಿಗೇ ಹೋಗಿ ಸೇರುತ್ತದೆ.

2013ರ ದರದಲ್ಲಿ ಸಣ್ಣ ಕಳಂಕವಿತ್ತು. 1.9 ಕಿ.ಮೀ.ಗೆ 25, ಆಮೇಲೆ 13. ಲೆಕ್ಕ ಹಾಕಿದರೆ 'ಸಿ' 30 ಪೈಸೆ. 2021ರಲ್ಲಿ 2 ಕಿ.ಮೀ.ಗೆ 30, ಆಮೇಲೆ 15 ಎಂದು ಮಾಡಿ ಆ ಮೂವತ್ತು ಪೈಸೆಯನ್ನೂ ಅಳಿಸಿದರು. 2021ರ ರೇಖೆಯೂ 2025ರ ರೇಖೆಯೂ ಮೂಲಬಿಂದುವಿನಿಂದಲೇ ಹೊರಡುವುದರಿಂದ, ಹಳೇ ಮೀಟರ್ 75 ತೋರಿಸಿದರೆ ಐದರಲ್ಲಿ ಒಂದು ಪಾಲು ಸೇರಿಸಿ 90 ಕೊಟ್ಟರಾಯಿತು, ದರಪಟ್ಟಿಯೇ ಬೇಡ. ಸರ್ಕಾರಿ ಕಡತದಲ್ಲಿ ಇಷ್ಟು ಅಚ್ಚುಕಟ್ಟಾದ ಬೀಜಗಣಿತ ಹೇಗೆ ನುಸುಳಿತೋ ದೇವರೇ ಬಲ್ಲ.

ಇಷ್ಟೆಲ್ಲ ಇದ್ದೂ ತಮ್ಮ ರೇಖೆಯ ಮೇಲೆ ಓಡಾಡುವ ಗಾಡಿ ಅಪರೂಪ. ಚಾಲಕ ಮಹನೀಯರಲ್ಲಿ ಎರಡು ಮತಗಳಿವೆ. 'ಮೀಟರ್ ಮೇಲೆ ಐವತ್ತು ಕೊಡಿ' ಎನ್ನುವವರು ಇಳಿಜಾರಿನ ತಂಟೆಗೆ ಹೋಗುವುದಿಲ್ಲ, ತಮ್ಮ ರೇಖೆಯನ್ನು ಹಾಗೇ ಐವತ್ತು ರೂಪಾಯಿ ಮೇಲಕ್ಕೆತ್ತುತ್ತಾರೆ. 'ಒನ್ ಅಂಡ್ ಹಾಫ್' ಎನ್ನುವವರು ಮೂಲಬಿಂದುವನ್ನು ಭಕ್ತಿಯಿಂದ ಹಾಗೇ ಉಳಿಸಿ, ಇಳಿಜಾರನ್ನು 27ಕ್ಕೆ ಏರಿಸುತ್ತಾರೆ. ರಾತ್ರಿ 10ರಿಂದ ಬೆಳಗಿನ 5ರವರೆಗೆ ಇದಕ್ಕೆ ಕಾನೂನಿನ ಆಶೀರ್ವಾದವೂ ಉಂಟು; ಮಟಮಟ ಮಧ್ಯಾಹ್ನ ಕೇಳುವವರ ಗಡಿಯಾರದ ಬಗ್ಗೆ ನಾನೇನೂ ಹೇಳಲಾರೆ. ಈ ಎರಡು ರೇಖೆಗಳು ಸಂಧಿಸುವುದು ಸುಮಾರು ಐದೂವರೆ ಕಿಲೋಮೀಟರಿನಲ್ಲಿ. ಅದಕ್ಕಿಂತ ಹತ್ತಿರ ಹೋಗುವವರು 'ಒನ್ ಅಂಡ್ ಹಾಫ್' ಒಪ್ಪಿಕೊಳ್ಳಲಿ, ದೂರ ಹೋಗುವವರು ಐವತ್ತು ಜಾಸ್ತಿ ಕೊಡಲಿ. ಹತ್ತು ಕಿಲೋಮೀಟರಿಗೆ ನಲವತ್ತು ರೂಪಾಯಿ ಉಳಿತಾಯ.

ಆದರೆ ಮೂರನೆಯ ಮತವೊಂದಿದೆ, ಅದೇ ಪ್ರಬಲ. ಅವರು ತಮ್ಮ ಕಡೆ ತಿರುಗಿಯೂ ನೋಡುವುದಿಲ್ಲ. 'ಬನಶಂಕರಿಗಾ? ಮುನ್ನೂರಾಗುತ್ತೆ.' ಮುಗಿಯಿತು. ಒಂದೇ ಒಂದು ಬಿಂದು. ಒಂದು ಬಿಂದುವಿನ ಮೂಲಕ ಅಸಂಖ್ಯ ರೇಖೆಗಳು ಹಾಯುತ್ತವೆ. ಮುನ್ನೂರರಲ್ಲಿ ದೂರದ ಪಾಲೆಷ್ಟು, ಮೋಡದ ಪಾಲೆಷ್ಟು, ನನ್ನ ಕೈಲಿರುವ ಸೂಟ್‌ಕೇಸಿನ ಪಾಲೆಷ್ಟು ಎಂದು ಯಾವ ರ್‍ಯಾಂಕ್ ವಿದ್ಯಾರ್ಥಿಯೂ ಬಿಡಿಸಿ ಹೇಳಲಾರ. ಚೌಕಾಸಿ ಎನ್ನುವ ಕಲೆ ಬದುಕಿರುವುದೇ ಈ ಎರಡನೇ ಬಿಂದುವಿನ ಗೈರುಹಾಜರಿಯಲ್ಲಿ. 'ವಾಪಸ್ ಖಾಲಿ ಬರಬೇಕು ಸಾರ್' ಎನ್ನುತ್ತಾರೆ. ನಿಜ, ಸುಳ್ಳಲ್ಲ, ಗ್ಯಾಸ್ ಪುಕ್ಕಟೆ ಸಿಗುವುದಿಲ್ಲ. ಆದರೆ ಖಾಲಿ ಬರುವ ಖರ್ಚು ದೂರದ ಜೊತೆ ಬೆಳೆಯುವಂಥದ್ದು, ಅದು ಇಳಿಜಾರಿಗೆ ಸೇರಬೇಕು. ಪಕ್ಕದ ಬೀದಿಗೆ ಹೊರಟವನ ಹತ್ತಿರವೂ ಅದೇ ಐವತ್ತು ಕೇಳಿದರೆ ಅದು 'ಸಿ'ಗೆ ಸೇರಿದಂತಾಯಿತು.

ತಮ್ಮಲ್ಲೂ ಒಂದು ಐಬು ಇದೆ, ಸಿಟ್ಟಾಗಬೇಡಿ. ಮೊದಲ ಐದು ನಿಮಿಷ ಕಾಯುವುದು ಉಚಿತ, ಆಮೇಲೆ ಪ್ರತಿ 15 ನಿಮಿಷಕ್ಕೆ 10 ರೂಪಾಯಿ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಿಕ್ಕಿಬಿದ್ದಾಗ ಎಕ್ಸ್ ಅಲ್ಲಾಡುವುದಿಲ್ಲ, ವೈ ಮಾತ್ರ ಏರುತ್ತದೆ. ರೇಖೆ ಲಂಬವಾಗಿ ನಿಲ್ಲುತ್ತದೆ. ದೂರದ ವ್ಯತ್ಯಾಸ ಸೊನ್ನೆ, ಸೊನ್ನೆಯಿಂದ ಭಾಗಿಸುವಂತಿಲ್ಲ. ಇಳಿಜಾರು ಅನಿರೂಪಿತ ಎಂದು ಪಠ್ಯಪುಸ್ತಕ ಕೈತೊಳೆದುಕೊಳ್ಳುತ್ತದೆ, ಟ್ರಾಫಿಕ್ ಪೊಲೀಸರೂ ಕೂಡ.

ಆದ್ದರಿಂದ ನನ್ನದೊಂದು ಅರಿಕೆ. ಮೆಜೆಸ್ಟಿಕ್ಕಿನಲ್ಲಿ ಹತ್ತುವ ಮೊದಲು ಪ್ರಯಾಣಿಕರು ಎರಡು ಪ್ರಶ್ನೆ ಕೇಳಲಿ: 'ಲಾಲ್‌ಬಾಗಿಗೆ ಎಷ್ಟು? ಬನಶಂಕರಿಗೆ ಎಷ್ಟು?' ಎರಡು ಉತ್ತರ ಸಿಕ್ಕರೆ ಚಾಲಕರ ಸಮೀಕರಣ ಕೈಗೆ ಬಂದಂತೆ. ಆಮೇಲೆ 'ಜಯನಗರಕ್ಕೆ' ಎಂದು ಹತ್ತಿ ಕೂತರೆ ದರ ನಾವೇ ಹೇಳಬಹುದು. ಎರಡನೇ ಪ್ರಶ್ನೆ ಮುಗಿಯುವ ಮೊದಲೇ ಗಾಡಿ ಮುಂದಕ್ಕೆ ಹೋಗಿಬಿಡುವ ಸಂಭವ ಇದೆ. ಆಗ ತಾವು ಬ್ರೇಕ್ ಹಾಕುವಂತಿದ್ದರೆ ಎಷ್ಟು ಚೆನ್ನಾಗಿತ್ತು.

ಇತಿ ತಮ್ಮ ವಿಧೇಯ,
ಎಕ್ಸ್ ಗೊತ್ತಿದ್ದೂ ವೈ ಗೊತ್ತಿಲ್ಲದ ಪ್ರಯಾಣಿಕ

ಮರೆತ ಮಾತು: ತಮ್ಮ ರೇಖೆಯ ಪ್ರಕಾರ ಐದೂವರೆ ಕಿ.ಮೀ.ಗೆ ಸರಿಯಾಗಿ 99 ರೂಪಾಯಿ. ನೂರರ ನೋಟು ಕೊಟ್ಟಾಗ 'ಚಿಲ್ಲರೆ ಇಲ್ಲ ಸಾರ್' ಎಂದರೆ ಆ ಒಂದು ರೂಪಾಯಿಯನ್ನು ಯಾವ ಅಕ್ಷಕ್ಕೆ ಬರೆದುಕೊಳ್ಳಲಿ?