ಧನುರ್ಮಾಸದಲ್ಲಿ ಸಾಂಟಾಕ್ಲಾಸ್

ಅಮೆರಿಕದಲ್ಲಿ ನೆಲೆಸಿದ ಮಕ್ಕಳನ್ನು ನೋಡಿಬರಲು ಹೊರಡುವ ತಂದೆತಾಯಿಗಳಲ್ಲಿ ವಿವೇಕಿಗಳಾದವರು ಮೇ ತಿಂಗಳಿನಲ್ಲಿ ವಿಮಾನವನ್ನೇರಿ, ವಲಸೆಯ ಅಧಿಕಾರಿ ಸಾಮಾನ್ಯವಾಗಿ ದಯಪಾಲಿಸುವ ಆರು ತಿಂಗಳ ಅವಧಿಯಲ್ಲಿ ಬಿಸಿಲಿರುವಷ್ಟನ್ನು ಮಾತ್ರ ಅನುಭವಿಸಿ, ದಸರೆಯ ಗೊಂಬೆಗಳನ್ನು ಕೂರಿಸುವ ಹೊತ್ತಿಗೆ ಊರು ಸೇರಿಬಿಡುತ್ತಾರೆ. ಆದರೆ ಬಾಣಂತನವೆಂಬುದು ಋತುಮಾನವನ್ನು ವಿಚಾರಿಸಿಕೊಂಡು ಬರತಕ್ಕದ್ದಲ್ಲವಾದ ಕಾರಣ, ನಾವು ದಂಪತಿಗಳು ನವೆಂಬರಿನ ಕಡೆಯಲ್ಲಿ, ಮಂಗನ ಟೋಪಿಗಳನ್ನು ಧರಿಸಿ, ಷಿಕಾಗೋ ನಗರದ ಹೊರವಲಯದಲ್ಲಿ ಬಂದಿಳಿಯಬೇಕಾಯಿತು. ಮಗಳನ್ನೂ ಹಸುಗೂಸನ್ನೂ ನೋಡಿಕೊಳ್ಳುವುದು ನನ್ನ ಪತ್ನಿಯ ಪಾಲಿಗೂ, ಐದು ವರ್ಷದ ಹಿರಿಯ ಮೊಮ್ಮಗಳನ್ನು ರಂಜಿಸುವುದು ನನ್ನ ಪಾಲಿಗೂ ಬಂದವು. ಕ್ರಿಸ್‌ಮಸ್ ಯಾರ ಪಾಲಿಗೆ ಬರುವುದೆಂಬುದನ್ನು ಮಾತ್ರ ಯಾರೂ ಮುಂಚಿತವಾಗಿ ನಿಷ್ಕರ್ಷೆ ಮಾಡಿರಲಿಲ್ಲ.

ಮಗಳು ಅಳಿಯಂದಿರು ಹಬ್ಬವನ್ನು ಕೊಂಡುತರುವುದರಲ್ಲಿ ಉದಾರಿಗಳು, ನಡೆಸುವುದರಲ್ಲಿ ಉದಾಸೀನರು. ಮರ ಬಂದಿತು, ದೀಪದ ಸರಗಳು ಬಂದುವು. ಅವುಗಳೊಡನೆ ಕೆಂಪು ಅಂಗಿಯ ಒಂದು ಬಟ್ಟೆಯ ಗೊಂಬೆಯೂ ಬಂದಿತು. ಎಲ್ಫ್ ಎಂಬ ಈ ಗೊಂಬೆ, 2005ರಲ್ಲಿ ಒಂದು ಕಥೆಯ ಪುಸ್ತಕದೊಡನೆ ಅಂಗಡಿಗೆ ಬಂದುದಾದರೂ, ಅನಾದಿಕಾಲದಿಂದ ಇದ್ದಂತೆ ಅಲ್ಲಿಯ ಮನೆಗಳಲ್ಲಿ ಅಧಿಕಾರ ನಡೆಸುತ್ತಿದೆ. ಚಿತ್ರಗುಪ್ತನ ಶಾಖಾ ಕಛೇರಿಯ ಗುಮಾಸ್ತನಂತೆ ಅದು ಹಗಲೆಲ್ಲ ಬೀರುವಿನ ಮೇಲೆ ಕುಳಿತು ಮಕ್ಕಳ ಪಾಪಪುಣ್ಯಗಳನ್ನು ಲೆಕ್ಕವಿಟ್ಟು, ರಾತ್ರಿ ಉತ್ತರಧ್ರುವಕ್ಕೆ ಹಾರಿ ಸಾಂಟಾಕ್ಲಾಸನಿಗೆ ವರದಿಯೊಪ್ಪಿಸಿ, ಬೆಳಗಾಗುವುದರೊಳಗೆ ಬೇರೊಂದು ಸ್ಥಾನದಲ್ಲಿ ಬಂದು ಕುಳಿತಿರಬೇಕು. ಅಂದರೆ ದೊಡ್ಡವರು ಯಾರಾದರೂ ಎದ್ದು ಕೂರಿಸಬೇಕು. ಮಕ್ಕಳು ಅದನ್ನು ಮುಟ್ಟಕೂಡದು. ಮುಟ್ಟಿದರೆ ಅದರ ಶಕ್ತಿ ನಷ್ಟವಾಗುತ್ತದೆ. ಆಗ ಸಾಂಟಾನಿಗೆ ಕ್ಷಮಾಪಣೆಯ ಪತ್ರ ಬರೆದು, ಗೊಂಬೆಯ ಪಕ್ಕದಲ್ಲಿ ಚಕ್ಕೆಯ ಪುಡಿಯನ್ನು ಉದುರಿಸತಕ್ಕದ್ದೆಂದು ವಿಧಿಯಿದೆ.

ಇದನ್ನು ಮೊಮ್ಮಗಳು ವಿವರಿಸುತ್ತಿದ್ದಾಗ ನಾನು ನಗುವನ್ನು ತಡೆದುಕೊಂಡಿದ್ದೆನಾದರೂ, ನನ್ನ ಪತ್ನಿಯ ಮುಖದಲ್ಲಿ ಪರಮ ಗಾಂಭೀರ್ಯ ಮೂಡಿತು. "ಮಡಿಯಲ್ಲಿದ್ದಾನೆ ಅನ್ನು. ನಿಮ್ಮಮ್ಮನಿಗೆ ಇಷ್ಟು ವರ್ಷ ಹೇಳಿದರೂ ತಿಳಿಯದ್ದು ನಿನಗೆ ತಿಳಿದಿದೆಯಲ್ಲ, ಪುಟ್ಟಿ!" ಎಂದು ಮೆಚ್ಚಿ, ಪ್ರಾಯಶ್ಚಿತ್ತಕ್ಕೆ ಚಕ್ಕೆಯೇ ಏಕೆ, ಪಂಚಗವ್ಯ ಆಗದೆ ಎಂದು ಒಂದೇ ಒಂದು ಸಂದೇಹವನ್ನು ಎತ್ತಿದಳು.

ಸ್ಥಳಾಂತರದ ಕಾರ್ಯ ಅಳಿಯನದು. ಕೂಸಿನ ಅಳುವಿನಿಂದ ನಿದ್ದೆಗೆಟ್ಟ ಆ ಮಹಾನುಭಾವ ಮೂರನೆಯ ರಾತ್ರಿಗೇ ಕರ್ತವ್ಯಚ್ಯುತನಾದ. ಅಷ್ಟರಲ್ಲಿ ಧನುರ್ಮಾಸ ಪ್ರವೇಶವಾಗಿತ್ತು. ಸೂರ್ಯೋದಯಕ್ಕೆ ಮುನ್ನ ಪೂಜೆ ಮುಗಿಸಿ ಹುಗ್ಗಿಯನ್ನು ನಿವೇದಿಸುವ ಈ ವ್ರತಕ್ಕೆ ಷಿಕಾಗೋದಷ್ಟು ಪ್ರಶಸ್ತವಾದ ಕ್ಷೇತ್ರ ಮತ್ತೊಂದಿಲ್ಲವೆಂದು ನನ್ನ ಅಭಿಪ್ರಾಯ. ಬೆಂಗಳೂರಿನಲ್ಲಿ ಆ ದಿನಗಳಲ್ಲಿ 6.40ರ ಸುಮಾರಿಗೆ ಉದಯಿಸುವ ಸೂರ್ಯನಾರಾಯಣನು ಅಲ್ಲಿ 7.15ರವರೆಗೆ ಮೇಲೇಳುವುದಿಲ್ಲವಾಗಿ, ಸೋಮಾರಿಗಳೂ ಪುಣ್ಯವನ್ನು ಸಂಪಾದಿಸಬಹುದು. ಆದರೆ ನನ್ನ ಪತ್ನಿ ಊರಿನ ಗಡಿಯಾರವನ್ನು ಸಡಿಲಿಸುವವಳಲ್ಲ. ಐದಕ್ಕೇ ಎದ್ದು ಸ್ನಾನ ಮಾಡಿ, ಹೆಸರುಬೇಳೆಯನ್ನು ಹುರಿಯುವ ಅವಳಿಗಲ್ಲದೆ ಗೊಂಬೆಯ ಚಲನೆಯ ಹೊಣೆ ಮತ್ತಾರಿಗೆ ಸಲ್ಲಬೇಕು? ತೊಡಕೊಂದೇ: ಮಡಿಯುಟ್ಟವಳು ಮೈಲಿಗೆಯ ಬಟ್ಟೆಯ ಗೊಂಬೆಯನ್ನು ಮುಟ್ಟುವಂತಿಲ್ಲ. ಧರ್ಮಸೂಕ್ಷ್ಮವನ್ನು ಅರಿತ ಆಕೆ ಅಡಿಗೆಮನೆಯ ಇಕ್ಕಳದಿಂದ ಎಲ್ಫನ ನಡುವನ್ನು ಹಿಡಿದೆತ್ತಿ, ಒಮ್ಮೆ ಅಕ್ಕಿಯ ಡಬ್ಬದ ಮೇಲೆ, ಒಮ್ಮೆ ಕುಕ್ಕರಿನ ಮೇಲೆ ಪ್ರತಿಷ್ಠಾಪಿಸಿ, ಅವನ ಮಡಿಯನ್ನೂ ತನ್ನ ಮಡಿಯನ್ನೂ ಏಕಕಾಲದಲ್ಲಿ ಕಾಪಾಡಿದಳು.

ಅಂಚೆ ಇಲಾಖೆಯಲ್ಲಿ ಆಯುಷ್ಯವನ್ನು ಸವೆಸಿದ ನನ್ನ ಪಾಲಿಗೆ ಪತ್ರವ್ಯವಹಾರ ಬಂದಿತು. 'ಸಾಂಟಾಕ್ಲಾಸ್, ಉತ್ತರಧ್ರುವ' ಎಂಬ ವಿಳಾಸದ ಕಾಗದವನ್ನು ನಮ್ಮವರಾಗಿದ್ದರೆ ಷರಾ ಬರೆದು ಹಿಂದಿರುಗಿಸುತ್ತಿದ್ದರು. ಅಮೆರಿಕದ ಅಂಚೆಯ ಮುಖ್ಯಸ್ಥರಾದರೋ 1912ರಲ್ಲಿಯೇ, ಇಂಥ ಪತ್ರಗಳಿಗೆ ನೌಕರರೂ ಸಾರ್ವಜನಿಕರೂ ಉತ್ತರ ಬರೆಯಬಹುದೆಂದು ಅಪ್ಪಣೆ ಕೊಟ್ಟರಂತೆ! ಸಾಂಟಾನ ಬಂಡಿಯನ್ನೆಳೆಯುವ ಹಿಮಸಾರಂಗಗಳ ಹೆಸರುಗಳನ್ನೂ ಮೊಮ್ಮಗಳಿಂದ ಕಲಿತೆ. ಮೊದಲ ಎಂಟು 1823ರ ಒಂದು ಪದ್ಯದಿಂದ ಬಂದವು. ಕೆಂಪು ಮೂಗಿನ ಒಂಬತ್ತನೆಯ ರುಡಾಲ್ಫನು ಷಿಕಾಗೋದ ಒಂದು ವ್ಯಾಪಾರ ಸಂಸ್ಥೆಗಾಗಿ 1939ರಲ್ಲಿ ಜನ್ಮ ತಾಳಿದವನು. ಗಂಡು ಸಾರಂಗಗಳ ಕೊಂಬು ಚಳಿಗಾಲದ ಆರಂಭದಲ್ಲಿ ಸಾಮಾನ್ಯವಾಗಿ ಉದುರಿಹೋಗುವುದರಿಂದ, ಚಿತ್ರಗಳಲ್ಲಿ ಕೊಂಬು ಹೊತ್ತು ಎಳೆಯುವವೆಲ್ಲ ಹೆಣ್ಣುಗಳೇ ಇರಬೇಕೆಂದು ನಾನು ಪಾಂಡಿತ್ಯವನ್ನು ಪ್ರದರ್ಶಿಸಲು, "ಅದನ್ನು ಪುಸ್ತಕದಲ್ಲಿ ಓದಿ ತಿಳಿಯಬೇಕೆ? ಚಳಿಯಲ್ಲಿ ಸರಿರಾತ್ರಿ ದುಡಿಯುವವರು ಇನ್ಯಾರು!" ಎಂದು ಒಳಕೋಣೆಯಿಂದ, ಕೂಸನ್ನು ತಟ್ಟುತ್ತಿದ್ದ ಕೈಯ ತಾಳಕ್ಕೆ ಸರಿಯಾಗಿ, ಉತ್ತರ ಬಂದಿತು.

24ರ ರಾತ್ರಿ ಸಾಂಟಾನಿಗೆ ಹಾಲು ಬಿಸ್ಕತ್ತುಗಳನ್ನಿಡುವ ಪದ್ಧತಿ. ಈತನ ಮೂಲಪುರುಷನು ನಾಲ್ಕನೆಯ ಶತಮಾನದಲ್ಲಿ, ಇಂದಿನ ಟರ್ಕಿಗೆ ಸೇರಿದ ಮೈರಾ ಪಟ್ಟಣದಲ್ಲಿ ಬಿಷಪ್ಪನಾಗಿದ್ದ ಸಂತ ನಿಕೊಲಾಸನೆಂದು ನಾನು ಬಾಯಿತಪ್ಪಿ ಹೇಳಿದ್ದೇ ತಡ, "ಹಾಗಾದರೆ ಮಠಾಧಿಪತಿಗಳು! ಸ್ವಾಮಿಗಳ ಭಿಕ್ಷೆಗೆ ಮೊಟ್ಟೆ ಹಾಕಿದ ಬಿಸ್ಕತ್ತೆ?" ಎಂದು ಪತ್ನಿ ಟೊಂಕ ಕಟ್ಟಿದಳು. ರವೆಯುಂಡೆ, ಕೋಡುಬಳೆ, ಕೇಸರಿ ಬೆರೆಸಿದ ಬಾದಾಮಿ ಹಾಲು ಸಿದ್ಧವಾದುವು. ಸಾರಂಗಗಳಿಗೆ ಇಡಿಯ ಗಜ್ಜರಿಯನ್ನಿಡುವುದು ಅಲ್ಲಿಯ ರೂಢಿಯಾದರೂ, ದೂರದಿಂದ ಬಂದ ಪ್ರಾಣಿಗಳಿಗೆ ಅಗಿಯುವ ಶ್ರಮ ಬೇಡವೆಂದು ಉಪ್ಪಿಲ್ಲದ ಕೋಸಂಬರಿಯಾಯಿತು. ದೇವರಿಗೆ ತೋರಿಸುವವರೆಗೆ ಯಾರೂ ರುಚಿ ನೋಡಕೂಡದೆಂಬ ನಿಯಮವನ್ನು ಮೊಮ್ಮಗಳು ಬಾಯಲ್ಲಿ ನೀರೂರಿಸಿಕೊಂಡೇ ಪಾಲಿಸಿದಳು.

ನಡುರಾತ್ರಿ ಅದನ್ನು ತಿಂದು ಮುಗಿಸುವ ಹೊಣೆ ನನಗೆ ಬಂದಿತು. ಸಕ್ಕರೆ ಕಾಯಿಲೆಯವನಿಗೆ ಗೃಹಿಣಿಯ ಲಿಖಿತಪ್ರಾಯವಾದ ಅನುಮತಿಯಿಂದ ರವೆಯುಂಡೆ ಲಭಿಸುವುದು ಸಂತನ ಅನುಗ್ರಹವಲ್ಲದೆ ಬೇರೆಯಲ್ಲ. ತೃಪ್ತನಾಗಿ, ಅಭ್ಯಾಸಬಲದಿಂದ ಡಬ್ಬಿ ತೆರೆದು ಒಂದು ಚಿಟಿಕೆ ನಶ್ಯವನ್ನೇರಿಸಿ ಮಲಗಿದೆ.

ಬೆಳಿಗ್ಗೆ ಮೊಮ್ಮಗಳು ಉಡುಗೊರೆಗಳ ಕಡೆಗೆ ಓಡದೆ ತಟ್ಟೆಯನ್ನು ಕೈಯಲ್ಲಿ ಹಿಡಿದು ಬಂದಳು. ಅಂಚಿನಲ್ಲಿ ಕಂದುಬಣ್ಣದ ಪುಡಿ ಚೆಲ್ಲಿತ್ತು.

"ಅಜ್ಜಿ, ಇದೇನು?"

"ಹೊಗೆಗೂಡಿನಿಂದ ಇಳಿದರಲ್ಲಮ್ಮ, ಮಸಿ ಉದುರಿದೆ."

ಮಗು ತಟ್ಟೆಯನ್ನು ಮೂಗಿಗೆ ಹಿಡಿದು, ಎರಡು ಸಲ ಸೀನಿ, ನನ್ನ ಹತ್ತಿರಕ್ಕೆ ಬಂದು ನನ್ನ ಮೇಲುವಸ್ತ್ರವನ್ನೂ ಮೂಸಿನೋಡಿತು. "ಅಜ್ಜಿ, ಸಾಂಟಾ ಹತ್ರ ತಾತನ ವಾಸನೇನೇ ಬರುತ್ತೆ!"

ಹುಗ್ಗಿಯ ಪಾತ್ರೆಯಿಂದ ತಲೆಯೆತ್ತದೆಯೇ ನನ್ನ ಪತ್ನಿ ನುಡಿದಳು: "ಬರದೆ ಏನು? ಅವರಿಗೂ ವಯಸ್ಸಾಗಿದೆ, ನಿಮ್ಮ ತಾತನಿಗೂ ವಯಸ್ಸಾಗಿದೆ. ಹೋಗು, ಹಲ್ಲುಜ್ಜಿ ಬಾ."